ಇಂತಿ ತಮ್ಮ ಅಭಿಮಾನಿಗಳು

ಹುಣಸೂರಿನಲ್ಲಿ ನಾನು ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದೆ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸನ್ಮಾನಪತ್ರ ಬರೆಯುವವನು ಎಂದರೆ ಕುರ್ಚಿ ಎಳೆದು ಕೊಡುತ್ತಾರೆ. ಕೊಡುತ್ತಿದ್ದರು ಎನ್ನುವುದು ಸರಿ. ತಾಲ್ಲೂಕಿನಲ್ಲಿ ಯಾರೇ ನಿವೃತ್ತರಾಗಲಿ, ಯಾರಿಗೇ ವರ್ಗವಾಗಲಿ, ಸೊಸೈಟಿ ಎಲೆಕ್ಷನ್ನಿನಲ್ಲಿ ಯಾರೇ ಗೆಲ್ಲಲಿ, ಹಿಂದಿನ ದಿನ ಸಂಜೆ ಒಂದು ಬೈಕು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. "ಮೇಷ್ಟ್ರೇ, ನಾಳೆ ಫಂಕ್ಷನ್ನು. ನಾಕು ಸಾಲು ಬರ್ಕೊಡಿ. ನಿಮಗೇನು, ಕಾಫಿ ಕುಡಿಯೋದ್ರೊಳಗೆ ಆಯ್ತದೆ." ಆಗುತ್ತಲೂ ಇತ್ತು. ಹೇಗೆ ಆಗುತ್ತಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲ ಪ್ಯಾರಾದಲ್ಲೇ ಒಪ್ಪಿಕೊಳ್ಳುವಂಥ ವಿಷಯವಲ್ಲ ಅದು.

ಈಚೆಗೆ ಬೈಕು ಬರುವುದು ನಿಂತಿತು. ಊರಿನಲ್ಲಿ ಯಾರೂ ನಿವೃತ್ತರೇ ಆಗುತ್ತಿಲ್ಲವೇನೋ ಎಂದು ಕೆಲವು ದಿನ ಸಮಾಧಾನ ಮಾಡಿಕೊಂಡೆ. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿರುವ ಹುಡುಗ, ನನ್ನ ಹಳೆಯ ಶಿಷ್ಯನೇ, ಗುಟ್ಟು ಬಿಟ್ಟುಕೊಟ್ಟ.

"ಬೇಜಾರ್ ಮಾಡ್ಕೋಬೇಡಿ ಸಾ. ಈಗೆಲ್ಲ ಎಐ ಬರ್ಕೊಟ್ಬುಡ್ತದೆ. ಹೆಸ್ರು, ಇಲಾಖೆ, ಎಷ್ಟ್ ವರ್ಷ ಸರ್ವೀಸು, ಅಷ್ಟ್ ಹೇಳುದ್ರೆ ಸಾಕು."

ಹಾಗೆಂದು ತನ್ನ ಫೋನನ್ನೇ ನನ್ನ ಕೈಗಿತ್ತ. ಯಾರೋ ಎಂಜಿನಿಯರಿಗೆ ಬರೆದ ಪತ್ರ. ಸರಳತೆ ಮತ್ತು ಸಜ್ಜನಿಕೆಯ ಸಾಕಾರಮೂರ್ತಿ. ಕಾಯಕವೇ ಕೈಲಾಸವೆಂದು ನಂಬಿದವರು. ಹೂವಿನಂಥ ಮನಸ್ಸು, ವಜ್ರದಂಥ ನಿಷ್ಠೆ. ಓದುತ್ತ ಓದುತ್ತ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಜಾತ್ರೆಯಲ್ಲಿ ಕಳೆದುಹೋದ ತಮ್ಮನನ್ನು ಕಂಡ ಹಾಗಾಯಿತು. ಅದು ಅಚ್ಚುಕಟ್ಟಾಗಿ ನಾನು ಬರೆದ ಹಾಗೆಯೇ ಇತ್ತು.

ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಹತ್ತಿರ ಒಂದು ಅಚ್ಚಿತ್ತು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು, ರಾಜಕಾರಣಿಗಳಿಗೊಂದು, ಹೀಗೆ ಮೂರು ಪತ್ರ ಬರೆದಿಟ್ಟುಕೊಂಡಿದ್ದೆ. ಹೆಸರು, ಊರು, ಇಲಾಖೆ ಇರುವ ಜಾಗದಲ್ಲಿ ಚುಕ್ಕಿ. ಕೇಳಿದವರು ಕಾಫಿ ಕುಡಿಯುವಷ್ಟರಲ್ಲಿ ಚುಕ್ಕಿ ತುಂಬಿ ಕೊಡುತ್ತಿದ್ದೆ. ಒಮ್ಮೆ ಗಡಿಬಿಡಿಯಲ್ಲಿ ಒಬ್ಬ ಮುಖ್ಯೋಪಾಧ್ಯಾಯಿನಿಯವರಿಗೆ ಹೋಗಬೇಕಾದ ಪತ್ರದಲ್ಲಿ ಒಂದು ವಾಕ್ಯ ಗಂಡಸರ ಅಚ್ಚಿನಿಂದ ಬಂದು ಸೇರಿಕೊಂಡಿತು. ತುಂಬಿದ ಸಭೆಯಲ್ಲಿ ನಿರೂಪಕರು ಗಂಭೀರವಾಗಿ ಓದಿದರು: "ತಮ್ಮ ಗಂಭೀರ ಮೀಸೆಯ ಹಿಂದೆ ಮಗುವಿನ ನಗು ಅಡಗಿದೆ." ಸಭೆ ನಗಲು ಹೆದರಿ ಒಂದು ಕ್ಷಣ ತಡೆದುಕೊಂಡಿತು; ಆಮೇಲೆ ತಡೆದುಕೊಳ್ಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದೆ. "ನೋಟ್‌ಬುಕ್ಕಿನ ತಪ್ಪು" ಎಂದು ಹೇಳುವ ಹಾಗಿರಲಿಲ್ಲ. "ನನ್ನ ತಪ್ಪು" ಎಂದೆ. ಆಯಮ್ಮ ದೊಡ್ಡವರು, ಕಾಫಿ ಕೊಟ್ಟರು. ಆ ಬಾಳೆಹಣ್ಣಿನ ನಡಿಗೆಯನ್ನು ನೆನಪಿನಲ್ಲಿಡಿ. ಈ ಪ್ರಬಂಧ ಎಲ್ಲೆಲ್ಲಿ ಸುತ್ತಿದರೂ ಅದೇ ಮನೆಯ ಮುಂದೆ ಬಂದು ನಿಲ್ಲುತ್ತದೆ.

ಪತ್ರಿಕೆಗಳು ಈ ಎಐಯನ್ನು ಕೃತಕ ಬುದ್ಧಿಮತ್ತೆ ಎನ್ನುತ್ತವೆ. ಕೃತಕ ಎಂಬ ಮಾತು ಕೇಳಿದಾಗಲೆಲ್ಲ ನಾನು ಸುತ್ತಮುತ್ತ ನೋಡಿಕೊಳ್ಳುತ್ತೇನೆ. ನನ್ನ ಚುಕ್ಕಿ ತುಂಬುವ ಬುದ್ಧಿ ಯಾವ ಸಹಜ ಬುದ್ಧಿ? ಆ ಯಂತ್ರ ಕನ್ನಡ ಕಲಿತದ್ದು ಮನುಷ್ಯರು ಬರೆದು ಗುಡ್ಡೆ ಹಾಕಿದ ಮಾತುಗಳಿಂದ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಹೆಚ್ಚು ಎಂದು ಲೆಕ್ಕ ಹಾಕಿ ಮುಂದಿನ ಪದ ಇಡುತ್ತದೆ. ಸರಳತೆ ಎಂದ ಕೂಡಲೇ ಸಜ್ಜನಿಕೆ ಎನ್ನುವುದನ್ನು ಅದಕ್ಕೆ ಕಲಿಸಿದವರು ಯಾರು? ನಾಡಿನ ತಾಲ್ಲೂಕು ತಾಲ್ಲೂಕಿನಲ್ಲೂ ಕೂತು ಕಾಫಿ ಆರುವುದರೊಳಗೆ ಬರೆದುಕೊಟ್ಟ ನನ್ನಂಥ ಮೇಷ್ಟ್ರುಗಳೇ. ಗುರುವಿಗೆ ತಿರುಮಂತ್ರ ಹಾಕುವ ಶಿಷ್ಯ ಅಂದರೆ ಇದೇ.

ಹಾಗಾದರೆ ದೂರು ಏನು? ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಎದುರಿಗೆ ಯಾರದೋ ಹುಟ್ಟುಹಬ್ಬದ ಬ್ಯಾನರು. ಆ ನಾಯಕರನ್ನು ನಾನು ಬಲ್ಲೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಬ್ಯಾನರಿನಲ್ಲಿ ಅವರು ಸಿಂಹದ ಪಕ್ಕ ನಿಂತಿದ್ದಾರೆ, ತೋಳು ನಮ್ಮೂರ ಹನುಮ ಜಯಂತಿಯ ಆಂಜನೇಯನದು. ಚಿತ್ರ ಎಐದು. ಅದರೊಳಗೇ ಕನ್ನಡ ಬರೆಸಲು ಹೋಗಿ 'ಹುಟ್ಟುಹಬ್ಬ'ದ ಒತ್ತಕ್ಷರಗಳು ಮಳೆಗೆ ಬಿದ್ದ ಮಣ್ಣಿನ ಗೋಡೆಯ ಹಾಗೆ ಕುಸಿದಿವೆ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಆ ನಿಷೇಧಕ್ಕೆ ಅಭಿನಂದನೆ ಸಲ್ಲಿಸುವ ಬ್ಯಾನರನ್ನೂ ಯಾರಾದರೂ ಫ್ಲೆಕ್ಸಿನಲ್ಲೇ ಹಾಕಿಸಿರಬಹುದು.

ಫ್ಲೆಕ್ಸ್ ಬರುವ ಮೊದಲು ಊರಿನ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದ ಪೇಂಟರ್ ಒಬ್ಬರಿದ್ದರು. ಕಿರಾಣಿ ಅಂಗಡಿ, ಸಲೂನು, ಲಾರಿಯ ಹಿಂಬದಿ, ನಾಟಕದ ಪರದೆ, ಎಲ್ಲ ಅವರದೇ ಕೈ. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಬೀಡಿ ಹಚ್ಚಿ, ದೂರ ನಿಂತು ನೋಡಿ, ಆಮೇಲೆ ಕುಂಚ ಮುಟ್ಟುತ್ತಿದ್ದರು. ಬೋರ್ಡಿನ ಕೆಳಗಿನ ಬಲಮೂಲೆಯಲ್ಲಿ, ಇರುವೆಯಷ್ಟು ದಪ್ಪದಲ್ಲಿ, ಅವರ ಹೆಸರು ಮತ್ತು 'ಆರ್ಟ್ಸ್' ಎಂಬ ಮಾತು. ಫ್ಲೆಕ್ಸ್ ಬಂದು ಅವರ ಕೆಲಸ ಹೋಯಿತು. ಆಗ ನಾವು ಯಾರೂ ಕಲೆಯ ಭವಿಷ್ಯದ ಬಗ್ಗೆ ವಿಚಾರಸಂಕಿರಣ ಮಾಡಲಿಲ್ಲ. ಚದರಡಿಗೆ ಎಷ್ಟು ಎಂದು ಕೇಳಿದೆವು. ಇವತ್ತು ಯಂತ್ರ ನಮ್ಮ ಲೇಖನಿಯ ಬುಡಕ್ಕೆ ಬಂದಿರುವುದರಿಂದ ಮಾತು ಜೋರಾಗಿದೆ. ಕುಂಚದ ಬುಡಕ್ಕೆ ಬಂದಾಗ ನಮ್ಮ ಮಾತು ಎಲ್ಲಿತ್ತು ಎಂದು ಆ ಪೇಂಟರ್ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಹುಣಸೂರು ಎಂದ ಮೇಲೆ ಹುಣಸೂರು ಕೃಷ್ಣಮೂರ್ತಿಯವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನಾಟಕ ಕಂಪನಿಗಳಲ್ಲಿ ಪಳಗಿ, ಸಿನಿಮಾಕ್ಕೆ ಹೋಗಿ, ಮಾತು ಬರೆದು, ಹಾಡು ಬರೆದು, ನಿರ್ದೇಶನವನ್ನೂ ಮಾಡಿದವರು. ಊರಿನ ಹೆಸರನ್ನು ತಮ್ಮ ಹೆಸರಿಗೆ ಮುಂಚೆ ಇಟ್ಟುಕೊಂಡು ಹೋದದ್ದರಿಂದ ನಾವು ಇವತ್ತಿಗೂ ಬೀಗುತ್ತೇವೆ. 1977ರ 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಮೂದಲಿಸಿಕೊಳ್ಳುತ್ತಾರೆ. ಅದನ್ನು ಟಾಕೀಸಿನಲ್ಲಿ ನೋಡಿ ಬಂದ ಮೇಲೆ ಇಬ್ಬರು ರಾಜ್‌ಕುಮಾರ್ ಇರುವುದು ನಿಜವೆಂದು ನಮ್ಮ ಬೀದಿಯ ಅಜ್ಜಿ ಸಾಯುವವರೆಗೂ ನಂಬಿದ್ದರು. ಆ ಕಾಲದ ದ್ವಿಪಾತ್ರಗಳ ಉಪಾಯ ಇಷ್ಟೇ: ಕ್ಯಾಮರಾದ ಕಣ್ಣಿನ ಅರ್ಧ ಮುಚ್ಚಿ ಒಂದು ಸಲ ತೆಗೆಯುವುದು, ಫಿಲ್ಮು ಹಿಂದಕ್ಕೆ ಸುತ್ತಿ ಇನ್ನರ್ಧ ತೆರೆದು ಮತ್ತೊಂದು ಸಲ ತೆಗೆಯುವುದು. ಯಂತ್ರದ ಕಣ್ಕಟ್ಟೇ ಅದು. ಆದರೆ ನಮ್ಮನ್ನು ಕೂರಿಸಿಕೊಂಡದ್ದು ಕಣ್ಕಟ್ಟಲ್ಲ. ಅಪ್ಪನ ಕಣ್ಣಿನ ಸೊಕ್ಕು, ಮಗನ ಕಣ್ಣಿನ ಕಿಚ್ಚು, ಒಬ್ಬನೇ ಮನುಷ್ಯನಲ್ಲಿ.

ಅವರದೇ 'ಸತ್ಯ ಹರಿಶ್ಚಂದ್ರ' ಬಂದದ್ದು 1965ರಲ್ಲಿ, ಕಪ್ಪು ಬಿಳುಪಿನಲ್ಲಿ. ನಾನು ಅದನ್ನು ಮೊದಲು ನೋಡಿದ್ದು ಹುಡುಗನಾಗಿದ್ದಾಗ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು. ಸ್ಮಶಾನದ ದೃಶ್ಯದಲ್ಲಿ ಬೂದುಬಣ್ಣ ಎಷ್ಟು ಗಾಢವಾಗಿತ್ತೆಂದರೆ ಮನೆಗೆ ಹೋಗುವಾಗ ಅಮ್ಮನ ಸೆರಗು ಬಿಡಲಿಲ್ಲ. ಕೃಷ್ಣಮೂರ್ತಿಯವರು ತೀರಿಕೊಂಡದ್ದು 1989ರಲ್ಲಿ. 2008ರಲ್ಲಿ ಅದೇ ಚಿತ್ರ ಕಂಪ್ಯೂಟರಿನಿಂದ ಬಣ್ಣ ಬಳಿಸಿಕೊಂಡು ಮತ್ತೆ ಬಿಡುಗಡೆಯಾಯಿತು. ಹಿಂದಿಯ 'ಮೊಘಲ್-ಎ-ಆಜಂ' ಮತ್ತು 'ನಯಾ ದೌರ್' ಆದಮೇಲೆ ಬಣ್ಣ ಕಂಡ ಹಳೆಯ ಚಿತ್ರ ಇದೇ, ದಕ್ಷಿಣದಲ್ಲಿ ಮೊದಲನೆಯದು. ಹೆಮ್ಮೆಯಿಂದ ಹೋಗಿ ನೋಡಿದೆ. ಚೆನ್ನಾಗಿಯೇ ಇತ್ತು. ಚಂದ್ರಮತಿಯ ಸೀರೆಯ ಬಣ್ಣ ಕಣ್ಣಿಗೆ ಬಿದ್ದಾಗ ಮಾತ್ರ ಒಂದು ಹುಳ ತಲೆಗೆ ಹೊಕ್ಕಿತು. ಪಂಡರಿಬಾಯಿಯವರು ಆವತ್ತು ಉಟ್ಟದ್ದು ಇದೇ ಬಣ್ಣದ್ದೇ? ಕಂಪ್ಯೂಟರಿನ ಮುಂದೆ ಕೂತ ಯಾರೋ ಆರಿಸಿದ್ದು. ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ ರಾಜನ ಮೈಮೇಲಿನ ಬಣ್ಣವೇ ಊಹೆ! ಸರಿಯೋ ತಪ್ಪೋ ಎಂದು ಕೇಳೋಣವೆಂದರೆ ನಿರ್ದೇಶಕರು ಹೋಗಿ 19 ವರ್ಷ.

ಹರಿಶ್ಚಂದ್ರನ ಹಣೆಬರಹವೇ ಹಾಗೆ ಎಂದು ಆಮೇಲೆ ಹೊಳೆಯಿತು. ಯಾವ ಹೊಸ ಯಂತ್ರ ಬಂದರೂ ಮೊದಲ ಪರೀಕ್ಷೆ ಅವನಿಗೇ. ಫಾಲ್ಕೆಯವರು 1913ರಲ್ಲಿ ಭಾರತದ ಮೊದಲ ಕಥಾಚಿತ್ರ ತೆಗೆದರು, ಕಥೆ ಹರಿಶ್ಚಂದ್ರನದು. ರಾಣಿಯ ಪಾತ್ರಕ್ಕೆ ಹೆಂಗಸರು ಸಿಕ್ಕದೆ ಹೋಟೆಲಿನ ಅಡುಗೆಯ ಸಾಳುಂಕೆಯವರಿಗೆ ಸೀರೆ ಉಡಿಸಿದರು. 1943ರಲ್ಲಿ ಬಂದ ಕನ್ನಡದ ಇನ್ನೊಂದು 'ಸತ್ಯ ಹರಿಶ್ಚಂದ್ರ'ದ ತುಟಿಗೆ ತಮಿಳು ಮಾತು ಕೂರಿಸಿ ಮರುವರ್ಷ ಬಿಡುಗಡೆ ಮಾಡಿದರು. ಡಬ್ಬಿಂಗಿನ ಮೊದಲ ಹೆಜ್ಜೆ ಎಂದು ಅದನ್ನೇ ಹೇಳುತ್ತಾರೆ. ಅದೇ ಡಬ್ಬಿಂಗ್ ಕನ್ನಡಕ್ಕೆ ಬೇಡ, ಕಲಾವಿದರ ಅನ್ನ ಹೋಗುತ್ತದೆ ಎಂದು ನಾವು ದಶಕಗಳ ಕಾಲ ಬೀದಿಗಿಳಿದೆವು. ವಿಶ್ವಾಮಿತ್ರರು ಹೆಸರು ಬದಲಿಸಿಕೊಂಡು ಬರುತ್ತಲೇ ಇದ್ದಾರೆ. ಈಗ ಬಂದಿರುವವರ ಹೆಸರು ಎಐ.

2025ರಲ್ಲಿ ಬೆಂಗಳೂರಿನ ಬಾಗಲಗುಂಟೆಯ ಆಂಜನೇಯ ದೇವಸ್ಥಾನದ ಅರ್ಚಕ ನರಸಿಂಹಮೂರ್ತಿಯವರು 'ಲವ್ ಯು' ಎಂಬ ಕನ್ನಡ ಚಿತ್ರ ಮಾಡಿದರು. ನಾಯಕ, ನಾಯಕಿ, ಹಿನ್ನೆಲೆ, ಸಂಗೀತ, ಎಲ್ಲ ಎಐ. ಜೊತೆಗೆ ನೂತನ್ ಎಂಬ ತಂತ್ರಜ್ಞರು. 95 ನಿಮಿಷ, 12 ಹಾಡು, ಖರ್ಚು ಸುಮಾರು 10 ಲಕ್ಷ. ಸೆನ್ಸಾರಿನವರು ಯು/ಎ ಪ್ರಮಾಣಪತ್ರವನ್ನೂ ಕೊಟ್ಟರು. ಸುದ್ದಿ ಓದಿದ ನಮ್ಮ ಫ್ಲೆಕ್ಸ್ ಹುಡುಗ, "ನೋಡಿದ್ರಾ ಸಾ, ಪೂಜಾರಪ್ಪನೇ ಸಿನಿಮಾ ತೆಗ್ದವ್ನೆ, ನಾವ್ ಯಾಕ್ ತೆಗೀಬಾರ್ದು?" ಎಂದ. ನನಗೂ ಒಳಗೊಳಗೇ ಖುಷಿಯಾಯಿತು. ಕೋಟಿಗಟ್ಟಲೆ ದುಡ್ಡಿಲ್ಲದವನಿಗೂ ಒಂದು ಕಥೆ ಇರುತ್ತದಲ್ಲ? ಹೆಗ್ಗಡದೇವನಕೋಟೆಯ ಕಾಡಂಚಿನ ಹುಡುಗನೊಬ್ಬ ತನ್ನ ಅಜ್ಜ ಹೇಳಿದ, ಆನೆ ಹಿಡಿಯುತ್ತಿದ್ದ ಕಾಕನಕೋಟೆ ಖೆಡ್ಡಾದ ಕಥೆಯನ್ನು, ಆನೆಗಳ ಹಿಂಡನ್ನು ಬಾಡಿಗೆಗೆ ತರದೆ, ತೆರೆಯ ಮೇಲೆ ತೋರಿಸುವ ಹಾಗಾದರೆ ಬೇಡವೆನ್ನಲು ನಾನು ಯಾರು? ಅರ್ಚಕರ ಸಿನಿಮಾ ಚೆನ್ನಾಗಿರಲಿ, ಕೆಟ್ಟದಾಗಿರಲಿ, ಪೋಸ್ಟರಿನಲ್ಲಿ ಅವರ ಹೆಸರಿದೆ. ಬೈಯಬೇಕಾದವರಿಗೆ ವಿಳಾಸ ಗೊತ್ತು.

ಅದೇ ವರ್ಷದ ಇನ್ನೊಂದು ಪ್ರಸಂಗ ಕೇಳಿ. 2013ರ ಹಿಂದಿ ಚಿತ್ರ 'ರಾಂಝಣಾ'. ಕೊನೆಯಲ್ಲಿ ನಾಯಕ ಸಾಯುತ್ತಾನೆ. ಅದರ ತಮಿಳು ರೂಪವನ್ನು 2025ರ ಆಗಸ್ಟ್‌ನಲ್ಲಿ ಮತ್ತೆ ಬಿಡುಗಡೆ ಮಾಡುವಾಗ ನಿರ್ಮಾಣ ಸಂಸ್ಥೆ ಎಐ ಹಿಡಿದು ಅವನನ್ನು ಬದುಕಿಸಿತು. ನಿರ್ದೇಶಕ ಆನಂದ್ ಎಲ್. ರಾಯ್, ನಟ ಧನುಷ್ ಇಬ್ಬರೂ ಬದುಕಿದ್ದಾರೆ, ಇಬ್ಬರೂ ಬೇಡವೆಂದರು. ಹೆಣ ಎದ್ದು ಕೂತದ್ದು ನಿಲ್ಲಲಿಲ್ಲ. ಇದಕ್ಕೆ ಎದುರಾಗಿ ಎ.ಆರ್. ರೆಹಮಾನ್ 2024ರ 'ಲಾಲ್ ಸಲಾಂ' ಚಿತ್ರಕ್ಕೆ ತೀರಿಹೋದ ಇಬ್ಬರು ಗಾಯಕರ ದನಿಯನ್ನು ಎಐಯಿಂದ ಹಾಡಿಸಿದಾಗ, ಅವರ ಮನೆಯವರನ್ನು ಕೇಳಿ, ಸಂಭಾವನೆ ಕೊಟ್ಟೇ ಮಾಡಿದ್ದು ಎಂದು ಹೇಳಿದರು. ಯಂತ್ರ ಎರಡೂ ಕಡೆ ಒಂದೇ. ಒಂದು ಕಡೆ ಮನೆ ಬಾಗಿಲು ತಟ್ಟಿದರು, ಇನ್ನೊಂದು ಕಡೆ ಹಿತ್ತಲ ಗೋಡೆ ಹಾರಿದರು.

ಬೇರೆಯವರದನ್ನು ತೆಗೆದುಕೊಳ್ಳುವುದೇ ತಪ್ಪು ಎಂದು ನಾನು ಹೇಳಲಾರೆ. ಹೇಳಿದರೆ ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯ ಮಂಗರಸ ಎದ್ದು ಬರುತ್ತಾನೆ. ದೇವರಾಜ ಅರಸರ ಊರು ಎಂದು ಈಗ ಎಲ್ಲರಿಗೂ ಗೊತ್ತಿರುವ ಕಲ್ಲಹಳ್ಳಿಯಲ್ಲಿ, 16ನೇ ಶತಮಾನದ ಆರಂಭದಲ್ಲಿ, ಕಾವ್ಯಗಳ ಜೊತೆಗೆ 'ಸೂಪಶಾಸ್ತ್ರ' ಎಂಬ ಅಡುಗೆ ಪುಸ್ತಕವನ್ನೂ ಷಟ್ಪದಿಯಲ್ಲಿ ಬರೆದವನು ಅವನು. ಸಂಸ್ಕೃತದ ಪಾಕಗ್ರಂಥದಿಂದ ತೆಗೆದುಕೊಂಡೇ ಬರೆದ. ನಮ್ಮ ಹಳೆಯ ಕವಿಗಳೆಲ್ಲ ತೆಗೆದುಕೊಂಡವರೇ. ಆದರೆ ಕಾವ್ಯದ ಬಾಗಿಲಲ್ಲೇ ಪೂರ್ವಕವಿ ಸ್ತುತಿ ಎಂಬುದೊಂದನ್ನು ಮಾಡುತ್ತಿದ್ದರು: ನನಗಿಂತ ಮುಂಚೆ ಇಂಥಿಂಥವರು ಬರೆದಿದ್ದಾರೆ, ಅವರಿಗೆ ಕೈಮುಗಿದು ಶುರುಮಾಡುತ್ತೇನೆ ಎಂದು. ಎಐ ಎಂಬ ಈ ಹೊಸ ಕವಿಯ ಕಾವ್ಯದಲ್ಲಿ ಇಲ್ಲದಿರುವುದು ಅದೊಂದೇ. ಎಲ್ಲರ ಮನೆಯ ಅಕ್ಕಿ ಬೇಯಿಸಿ ಬಡಿಸುತ್ತದೆ, ಯಾರ ಮನೆಯದೆಂದು ಹೇಳುವುದಿಲ್ಲ.

ಹೇಳುವವರೂ ಇದ್ದಾರೆ. ಪಕ್ಕದ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ 'ಕಾರ್ಯ' ಎಂಬ ಸಂಸ್ಥೆ ಹೆಣ್ಣುಮಕ್ಕಳ ಫೋನಿಗೆ ಕನ್ನಡ ವಾಕ್ಯಗಳನ್ನು ಕಳಿಸಿ, ಅವರು ಗಟ್ಟಿಯಾಗಿ ಓದಿದ ದನಿಯನ್ನು ಯಂತ್ರಕ್ಕೆ ಕನ್ನಡ ಕಲಿಸಲು ಬಳಸಿತು. 2023ರಲ್ಲಿ ಬಂದ ವರದಿಗಳ ಪ್ರಕಾರ ಕೂಲಿ ಗಂಟೆಗೆ ಸುಮಾರು 5 ಡಾಲರು. ಹೊಲದ ಕೂಲಿಗೆ ಹೋಲಿಸಿದರೆ ಬಹಳ ದೊಡ್ಡ ಮೊತ್ತ. ನಾಳೆ ಯಾವುದೋ ಯಂತ್ರ ಕನ್ನಡದಲ್ಲಿ ಮಾತಾಡಿದಾಗ ಅದರ ಗಂಟಲೊಳಗೆ ಬಟ್ಟೆ ಹೊಲಿಯುತ್ತ, ರಾಗಿ ಬೀಸಿಸಿಕೊಂಡು ಬಂದು, ಮಗುವನ್ನು ಮಲಗಿಸಿ ಓದಿದ ಹೆಂಗಸೊಬ್ಬಳು ಇರುತ್ತಾಳೆ. ಅವಳಿಗೆ ಕೂಲಿ ಸಿಕ್ಕಿತು. ನನ್ನ ಸಾಕಾರಮೂರ್ತಿಗೆ ಸಿಕ್ಕಲಿಲ್ಲ, ಸಿಕ್ಕಬೇಕಾದದ್ದೂ ಇಲ್ಲ. ಆದರೆ ನಿಜವಾಗಿ ಬೆವರು ಸುರಿಸಿ ಬರೆದವರಿಗೆ?

ಇಷ್ಟೆಲ್ಲ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದಾಗ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುವ ನಮ್ಮ ಭಾವನ ಊರಿಗೆ ಹೋಗಿದ್ದೆ. ತಂಬಾಕಿನ ಕಾಲ. ಈ ಕಡೆಯ ನಾಲ್ಕು ತಾಲ್ಲೂಕಿಗೂ ಹೊಗೆಸೊಪ್ಪಿನದೇ ಉಸಿರು. ರಾತ್ರಿ ಊಟವಾದ ಮೇಲೆ ಭಾವ ಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಕೂತರು, ನಾನೂ ಕೂತೆ. ಕಡ್ಡಿಗೆ ಕಟ್ಟಿ ತೂಗುಹಾಕಿದ ಸೊಪ್ಪು ಐದಾರು ದಿನ ಒಳಗೆ ಬೇಯಬೇಕು. ಮೊದಲು ಸಣ್ಣ ಕಾವಿನಲ್ಲಿ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನರ ಒಣಗಬೇಕು. ಹತ್ತಿರ ಹತ್ತಿರ 95 ಡಿಗ್ರಿ ಫ್ಯಾರನ್‌ಹೀಟಿನಿಂದ 160ರವರೆಗೆ ಕಾವು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಆತುರ ಮಾಡಿದರೆ ಸೊಪ್ಪು ಹಸಿರಾಗೇ ನಿಲ್ಲುತ್ತದೆ, ತಡಮಾಡಿದರೆ ಕಪ್ಪಾಗುತ್ತದೆ. ಒಳಗೆ ಥರ್ಮಾಮೀಟರ್ ನೇತುಹಾಕಿದ್ದರು. ಆದರೂ ಭಾವ ಮತ್ತೆ ಮತ್ತೆ ಎದ್ದು ಹೋಗಿ ಟಾರ್ಚ್ ಬಿಟ್ಟು ಇಣುಕಿ, ಒಂದೆಲೆ ಹಿಡಿದು ಬೆರಳಲ್ಲಿ ಉಜ್ಜಿ ಬರುತ್ತಿದ್ದರು.

"ಮೀಟ್ರೇ ಹೇಳ್ತದಲ್ಲ ಭಾವ, ನಿದ್ದೆ ಯಾಕೆ ಕೆಡಿಸ್ಕತೀರಿ?" ಎಂದೆ.

"ಅದು ಕಾವು ಹೇಳ್ತದೆ ಭಾವ. ಹದ ಹೇಳಲ್ಲ," ಎಂದರು. ಬೆಂಕಿಗೆ ಒಂದು ಸೌದೆ ದೂಡಿ ಮುಂದುವರಿಸಿದರು: "ನಾಳೆ ಕಟ್ಟೆಮಳಲವಾಡಿಲೋ ಕಂಪಲಾಪುರದಲ್ಲೋ ಹರಾಜಿಗೆ ಬೇಲ್ ಇಟ್ಟಾಗ, ಸೊಪ್ಪು ಸರಿ ಇಲ್ಲ ಅಂತ ಬಿಟ್ಟೋದ್ರೆ, ಮೀಟ್ರುದು ತಪ್ಪು ಅಂದ್ರೆ ಯಾರು ಕೇಳಾರು? ಸಾಲ ನನ್ ಹೆಸ್ರಲ್ಲಿ ಅದೆ."

ಹರಾಜು ಮಾರುಕಟ್ಟೆಯೂ ಬದಲಾಗಿದೆ. ಮೊದಲು ಕೂಗಿ ಕೂಗಿ ಬೆಲೆ ಏರಿಸುತ್ತಿದ್ದರು. ಈಗ ವ್ಯಾಪಾರಿಗಳ ಕೈಯಲ್ಲಿ ಯಂತ್ರ, ಗುಂಡಿ ಒತ್ತಿದರೆ ಬೆಲೆ. ಆದರೂ ಬೇಲಿನ ಮುಂದೆ ಬಗ್ಗಿ, ಎಲೆ ಹಿರಿದು, ಬಣ್ಣ ನೋಡಿ, ಆಮೇಲೆ ಗುಂಡಿ ಒತ್ತುತ್ತಾರೆ. ಅಮೆರಿಕದ ಸಿನಿಮಾ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ ಒಪ್ಪಂದದಲ್ಲಿ ಬರೆಸಿಕೊಂಡದ್ದೂ ಹೆಚ್ಚುಕಡಿಮೆ ಭಾವನ ಮಾತನ್ನೇ: ಎಐ ಬೇಕಾದರೆ ಬಳಸಿ, ಆದರೆ ಅದನ್ನು ಲೇಖಕ ಎಂದು ಕರೆಯುವಂತಿಲ್ಲ. ಬ್ಯಾರನ್ ಮುಂದೆ ಒಂದು ರಾತ್ರಿ ಕೂತಿದ್ದರೆ ಅಷ್ಟು ದಿನ ಹಿಡಿಯುತ್ತಿರಲಿಲ್ಲವೇನೋ.

ನನಗೆ ಸಿಕ್ಕ ಅಳತೆಗೋಲು ಇಷ್ಟೇ. ಯಾವುದು ಕೆಟ್ಟರೆ ಅದರ ಹೊಣೆ ನನ್ನ ತಲೆಗೆ ಬರುತ್ತದೋ ಅದು ನನ್ನ ಕೈಯಲ್ಲಿನ ಉಪಕರಣ. ಕೆಟ್ಟಾಗ ಅದರ ಕಡೆ ಬೆರಳು ತೋರಿಸಿ ನಾನು ಪಕ್ಕಕ್ಕೆ ಸರಿದರೆ, ಆಗ ಅದು ಯಜಮಾನ, ನಾನು ಅದರ ಆಳು. ಊರಿಗೆ ವಾಪಸು ಬಂದ ದಿನ ಫ್ಲೆಕ್ಸ್ ಅಂಗಡಿಯ ಮುಂದೆ ಜಗಳ ನಡೆಯುತ್ತಿತ್ತು. ಯಾರದೋ ತಂದೆಯ ಪುಣ್ಯತಿಥಿಯ ಬ್ಯಾನರಿಗೆ ಹಳೆಯ ಫೋಟೋ ಕೊಟ್ಟಿದ್ದಾರೆ, ಎಐ ಅದನ್ನು ಚಂದ ಮಾಡುವ ಭರದಲ್ಲಿ ಮುದುಕರ ಹಣೆಯ ಮೇಲಿನ ಗಾಯದ ಗುರುತನ್ನು ಅಳಿಸಿಬಿಟ್ಟಿದೆ. "ನಮ್ಮಪ್ಪ ಅಲ್ಲ ಕಣಯ್ಯ ಇದು," ಎಂದು ಮಗ ಕೂಗುತ್ತಿದ್ದಾನೆ. ಹುಡುಗ, "ಅದು ಎಐ ಮಾಡಿರೋದಣ್ಣ, ನಾನೇನ್ ಮಾಡ್ಲಿ?" ಎನ್ನುತ್ತಿದ್ದಾನೆ. ನಾನು ಅವನ ಕಿವಿಯಲ್ಲಿ ಬಾಳೆಹಣ್ಣಿನ ಕಥೆ ಹೇಳಿದೆ. ಗೊಣಗಿದ, ಆಮೇಲೆ ಕಾಸಿಲ್ಲದೆ ಬೇರೆ ಬ್ಯಾನರ್ ಹಾಕಿಕೊಟ್ಟ, ಗಾಯದ ಸಮೇತ.

ಅವನಿಗೆ ಬುದ್ಧಿ ಹೇಳಿ ಮನೆಗೆ ಬರುವಾಗ ಇನ್ನೊಂದು ನೆನಪಾಗಿ ಮುಖ ಸಣ್ಣಗಾಯಿತು. ಇಷ್ಟು ವರ್ಷ ಬರೆದ ಯಾವ ಸನ್ಮಾನಪತ್ರದ ಕೆಳಗೂ ನನ್ನ ಹೆಸರಿಲ್ಲ. 'ಇಂತಿ ತಮ್ಮ ಅಭಿಮಾನಿಗಳು' ಎಂದು ಬರೆದು ಅವರ ಹಿಂದೆ ಅಡಗಿಕೊಂಡಿದ್ದೇನೆ. ಆ ಪೇಂಟರಿಗೆ ಇದ್ದ ಇರುವೆಯಷ್ಟು ಧೈರ್ಯವೂ ನನಗಿರಲಿಲ್ಲ.

ಕಳೆದ ತಿಂಗಳು ನಮ್ಮ ಹಳೆಯ ಶಾಲೆಯ ಅಟೆಂಡರ್ ಒಬ್ಬರು ನಿವೃತ್ತರಾದರು. ಯಾರೂ ಕೇಳಲಿಲ್ಲ, ನಾನೇ ಬರೆಯುತ್ತೇನೆಂದೆ. ಅಚ್ಚಿನ ನೋಟ್‌ಬುಕ್ ತೆಗೆಯಲಿಲ್ಲ. ಕಾಗುಣಿತ ನೋಡಲು ಹುಡುಗನ ಫೋನು ಬಳಸಿದೆ. ಕಣ್ಣು ಮಂಜಾಗಿದೆ, ನಾಚಿಕೆಯೇನೂ ಇಲ್ಲ. ಅವರ ಮನೆಗೆ ಹೋಗಿ ಜಗಲಿ ಮೇಲೆ ಕೂತು ಎರಡು ಗಂಟೆ ಮಾತಾಡಿಸಿದೆ. ಲಕ್ಷ್ಮಣತೀರ್ಥ ತುಂಬಿ ಬಂದ ವರ್ಷ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟನ್ನು ತಲೆಮೇಲೆ ಹೊತ್ತು ನೀರು ದಾಟಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅದನ್ನು ಬರೆದೆ. ಸಾಕಾರಮೂರ್ತಿ ಬರಲಿಲ್ಲ. ಕೆಳಗಿನ ಬಲಮೂಲೆಯಲ್ಲಿ ಸಣ್ಣದಾಗಿ ನನ್ನ ಹೆಸರು ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಅವರ ಮಗ ಫೋನ್ ಮಾಡಿದ. ಅಪ್ಪ ಕೆಲಸಕ್ಕೆ ಸೇರಿದ ವರ್ಷವನ್ನು ತಪ್ಪಾಗಿ ಬರೆದಿದ್ದೇನಂತೆ. ನಾನೇ ಕೈಯಾರೆ ಬರೆದದ್ದು. ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೋಗಿ ತಿದ್ದಿಕೊಟ್ಟು ಬಂದೆ.